ಶುಶ್ರೂಷಾ ಪದವೀಧರರೂ ಸನ್ನದು ಪರೀಕ್ಷೆಯೂ: ಕೆಲವರು ಏತಕ್ಕೆ ತೇರ್ಗಡೆಯಾಗುವುದಿಲ್ಲ?

ನಮ್ಮ ಮಡತ್ತುಕುಳಂ ಪ್ರಾಂತದ ಹೆಣ್ಣುಮಕ್ಕಳು ಶುಶ್ರೂಷಾವಿದ್ಯೆಯನ್ನು ಕಲಿಯಲು ಹೊರಡುವುದು ಈಗ ಅಪೂರ್ವವಾದ ಸಂಗತಿಯಲ್ಲ. ಅಮರಾವತಿಯ ನೀರನ್ನು ನಂಬಿ ಕಬ್ಬು ಭತ್ತಗಳನ್ನು ಬೆಳೆಯುವ ಮನೆಗಳಿಂದಲೂ, ಮಗ್ಗವನ್ನೇ ನಂಬಿ ಬಾಳಿದ ಮನೆಗಳಿಂದಲೂ ಮಕ್ಕಳು ಕೊಯಮತ್ತೂರಿನ ಕಡೆಗೂ ಬೆಂಗಳೂರಿನ ಕಡೆಗೂ ಈ ವಿದ್ಯೆಗಾಗಿ ಹೋಗುತ್ತಿರುವರು. ಗಂಡುಮಕ್ಕಳೂ ಹೋಗುವುದುಂಟು. ನಾಲ್ಕು ವರ್ಷ ಓದಿ, ಪದವಿಯನ್ನು ಪಡೆದು, ಬಿಳಿಯ ಉಡುಪು ತೊಟ್ಟು ಮಗಳು ನಿಂತಾಗ ತಾಯಿತಂದೆಗಳಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಆದರೆ ಹೊರದೇಶದಲ್ಲಿ ಕೆಲಸ ಮಾಡಬೇಕೆಂದು ಆಕೆ ಅಲ್ಲಿಯ ಸನ್ನದು ಪರೀಕ್ಷೆಗೆ ಕುಳಿತಾಗ ಕೆಲವು ವೇಳೆ ಫಲಿತಾಂಶವು ವಿಪರೀತವಾಗಿ ಬರುತ್ತದೆ. ಕಾಲೇಜಿನಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದವಳು ಇಲ್ಲಿ ಎಡವುತ್ತಾಳೆ. ಆಗ ಮನೆಯವರು, "ನಮ್ಮ ಮಗು ಓದಲಿಲ್ಲ" ಎಂದೋ, "ಪರೀಕ್ಷೆಯೇ ಮೋಸ" ಎಂದೋ ತೀರ್ಮಾನಿಸಿಬಿಡುವರು. ಎರಡೂ ಸರಿಯಲ್ಲ. ಈ ಸೋಲಿಗೆ ಕಾರಣಗಳಿವೆ. ಅವು ತಿಳಿಯತಕ್ಕವು, ತಿದ್ದತಕ್ಕವು. ಅವುಗಳಲ್ಲಿ ಹಲವಕ್ಕೆ ಬೀಜ ಬೀಳುವುದು ನಮ್ಮ ಶಾಲೆಯ ಕೋಣೆಯಲ್ಲಿಯೇ. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿಗಳೂ ತಾಯಿತಂದೆಗಳೂ ಕೂಡಿ ಓದಲೆಂದು ಇಲ್ಲಿ ವಿವರಿಸುತ್ತೇವೆ.

೧. ಸನ್ನದು ಎಂದರೇನು?

ಪದವಿ ಬೇರೆ, ಸನ್ನದು ಬೇರೆ. "ಇವಳು ಇಷ್ಟನ್ನು ಕಲಿತಿದ್ದಾಳೆ" ಎಂದು ವಿದ್ಯಾಲಯವು ಹೇಳುವ ಮಾತು ಪದವಿ. "ಇವಳ ಕೈಗೆ ರೋಗಿಯನ್ನು ಒಪ್ಪಿಸಬಹುದು" ಎಂದು ಸರ್ಕಾರದ ಕಾಯಿದೆಯ ಮೇರೆಗೆ ಏರ್ಪಟ್ಟ ಮಂಡಳಿಯು ಹೇಳುವ ಮಾತು ಸನ್ನದು. ಮೊದಲನೆಯದು ವಿದ್ಯಾರ್ಥಿಯ ಗೌರವಕ್ಕಾಗಿ. ಎರಡನೆಯದು ರೋಗಿಯ ರಕ್ಷಣೆಗಾಗಿ.

ಹಿಂದಿನ ಕಾಲದಲ್ಲಿ ಯಾರು ಬೇಕಾದರೂ ತಮ್ಮನ್ನು ದಾದಿಯರೆಂದು ಕರೆದುಕೊಳ್ಳಬಹುದಾಗಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯೆಯು ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಿಕ್ಷಣಶಾಲೆಯನ್ನು ತೆರೆದ ಮೇಲೆ ತರಬೇತಾದವರು ಯಾರು, ಆಗದವರು ಯಾರು ಎಂಬ ಪ್ರಶ್ನೆ ಎದ್ದಿತು. ದಾದಿಯರನ್ನು ನೋಂದಾಯಿಸಲು ಪ್ರತ್ಯೇಕವಾದ ಕಾಯಿದೆಯನ್ನು ಮೊದಲು ಮಾಡಿದ ದೇಶ ನ್ಯೂಜಿಲೆಂಡ್, ಅದು ೧೯೦೧ರಲ್ಲಿ. ಇಂಗ್ಲೆಂಡಿನಲ್ಲಿ ೧೯೧೯ರಲ್ಲಿ ಕಾಯಿದೆ ಬಂದಿತು. ನಮ್ಮ ಮಡತ್ತುಕುಳಂ ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ ೧೯೨೬ರಲ್ಲಿಯೇ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆ ಜಾರಿಗೆ ಬಂದುದು ನಾವು ಹೆಮ್ಮೆಪಡಬಹುದಾದ ವಿಷಯ. ಇಡೀ ದೇಶಕ್ಕೆ ಅನ್ವಯಿಸುವ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯು ೧೯೪೭ರದು. ಅದರ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ನಿರ್ಮಿಸುವ ಹೊಸ ಕಾಯಿದೆಯನ್ನು ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿತು.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ನಮ್ಮ ದೇಶದಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ರಾಜ್ಯದ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿಕೊಳ್ಳುವುದು ರೂಢಿಯಾಗಿ ಬಂದಿದೆ. ಸರ್ಕಾರಿ ಆಸ್ಪತ್ರೆಗಳ ನೇಮಕಕ್ಕಾಗಿ ನಡೆಯುವ ಪರೀಕ್ಷೆಗಳು ಉದ್ಯೋಗದ ಪರೀಕ್ಷೆಗಳೇ ಹೊರತು ಸನ್ನದಿನ ಪರೀಕ್ಷೆಗಳಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪದವಿ ಪಡೆದವರೆಲ್ಲರೂ, ಅಲ್ಲಿಯೇ ಹುಟ್ಟಿ ಬೆಳೆದವರೂ ಸಹ, ಎನ್‌ಕ್ಲೆಕ್ಸ್ ಎಂಬ ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾದಲ್ಲದೆ ರೋಗಿಯ ಹಾಸಿಗೆಯ ಬಳಿಗೆ ಹೋಗುವಂತಿಲ್ಲ. ಹೊರದೇಶದಲ್ಲಿ ಕಲಿತವರು ಬ್ರಿಟನ್ನಿನಲ್ಲಿ ಕೆಲಸ ಮಾಡಬೇಕಾದರೆ ಎರಡು ಭಾಗದ ಪರೀಕ್ಷೆಯನ್ನು ದಾಟಬೇಕು: ಒಂದು ಗಣಕಯಂತ್ರದ ಮುಂದೆ ಕುಳಿತು ಉತ್ತರಿಸುವಂಥದು, ಇನ್ನೊಂದು ಬ್ರಿಟನ್ನಿನಲ್ಲಿಯೇ ಹತ್ತು ನೆಲೆಗಳಲ್ಲಿ ಪರೀಕ್ಷಕರ ಕಣ್ಣೆದುರಿಗೆ ಕೆಲಸವನ್ನು ಮಾಡಿ ತೋರಿಸುವಂಥದು. ಕೊಲ್ಲಿ ದೇಶಗಳಿಗೂ ಅವುಗಳದೇ ಆದ ಪರೀಕ್ಷೆಗಳಿವೆ. ಹೀಗಾಗಿ ನಮ್ಮವರಲ್ಲಿ ಹೆಚ್ಚಿನವರಿಗೆ ಸನ್ನದು ಪರೀಕ್ಷೆ ಎಂಬುದು ಹೊರದೇಶದ ಬಾಗಿಲಲ್ಲಿ ಮೊದಲ ಬಾರಿಗೆ ಎದುರಾಗುತ್ತದೆ. ಅಭ್ಯಾಸವಿಲ್ಲದ ಹೊಸ್ತಿಲು ಎಡವಿಸುವುದು ಸಹಜ.

೨. ಪರೀಕ್ಷೆಯ ರೀತಿ

ಎನ್‌ಕ್ಲೆಕ್ಸ್ ಪರೀಕ್ಷೆಯ ರೀತಿಯನ್ನು ತಿಳಿದರೆ ಸೋಲಿನ ಕಾರಣಗಳು ಅರ್ಧ ತಿಳಿದಂತೆ. ೧೯೯೪ರಿಂದ ಈ ಪರೀಕ್ಷೆ ಗಣಕಯಂತ್ರದ ಮೂಲಕ ನಡೆಯುತ್ತಿದೆ. ನಮ್ಮವರು ಇದಕ್ಕಾಗಿ ಸಮುದ್ರವನ್ನು ದಾಟಬೇಕಾಗಿಲ್ಲ; ಚೆನ್ನೈ, ಬೆಂಗಳೂರು ಮೊದಲಾದ ಕಡೆ ಕೇಂದ್ರಗಳಿವೆ. ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆ ಇರುವುದಿಲ್ಲ. ಉತ್ತರ ಸರಿಯಾದರೆ ಯಂತ್ರವು ಇನ್ನೂ ಸ್ವಲ್ಪ ಕಠಿಣವಾದ ಪ್ರಶ್ನೆಯನ್ನು ಕೊಡುತ್ತದೆ. ತಪ್ಪಾದರೆ ಸ್ವಲ್ಪ ಸುಲಭವಾದುದನ್ನು ಕೊಡುತ್ತದೆ. ಬೆಲ್ಲ ತೂಗುವವನು ತಕ್ಕಡಿಗೆ ಕಲ್ಲನ್ನು ಹಾಕಿ, ತೆಗೆದು, ಮತ್ತೆ ಸಣ್ಣ ಕಲ್ಲನ್ನು ಹಾಕಿ ಮುಳ್ಳು ನೆಟ್ಟಗೆ ನಿಲ್ಲುವವರೆಗೂ ನೋಡುವಂತೆ, ಈ ಯಂತ್ರವು ಅಭ್ಯರ್ಥಿಯ ಸಾಮರ್ಥ್ಯವನ್ನು ತೂಗುತ್ತದೆ. ಕಡಮೆಯೆಂದರೆ ೮೫ ಪ್ರಶ್ನೆಗಳು, ಹೆಚ್ಚೆಂದರೆ ೧೫೦. ಕಾಲಾವಕಾಶ ೫ ಗಂಟೆ. ಅಭ್ಯರ್ಥಿಯ ಸಾಮರ್ಥ್ಯವು ಗೊತ್ತುಮಾಡಿದ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ನೂರಕ್ಕೆ ೯೫ರಷ್ಟು ನಿಶ್ಚಯವಾದ ಕೂಡಲೆ ಪರೀಕ್ಷೆ ನಿಂತುಬಿಡುತ್ತದೆ.

ಇದರಿಂದ ಒಂದು ವಿಚಿತ್ರವಾದ ಪರಿಣಾಮವುಂಟು. ಎಷ್ಟೇ ಬಲ್ಲವಳಾದರೂ ಪ್ರಶ್ನೆಗಳು ಅವಳ ಬಲದ ಅಂಚಿಗೇ ಬಂದು ನಿಲ್ಲುವುದರಿಂದ ಸುಮಾರು ಅರ್ಧದಷ್ಟು ಉತ್ತರಗಳು ತಪ್ಪುತ್ತವೆ. ನಮ್ಮ ಶಾಲೆಗಳಲ್ಲಿ ನೂರಕ್ಕೆ ತೊಂಬತ್ತು ಪಡೆದು ರೂಢಿಯಾದ ಹುಡುಗಿಗೆ, "ಒಂದೂ ತಿಳಿಯುತ್ತಿಲ್ಲ, ಎಲ್ಲ ಮುಗಿಯಿತು" ಎಂದು ತೋರುತ್ತದೆ. ವಾಸ್ತವವಾಗಿ ಪ್ರಶ್ನೆಗಳು ಕಠಿಣವಾಗುತ್ತಿರುವುದು ಶುಭಲಕ್ಷಣ. ಇದನ್ನು ಮೊದಲೇ ತಿಳಿಯದವಳು ಧೈರ್ಯಗೆಟ್ಟು, ಬಲ್ಲ ಉತ್ತರವನ್ನೂ ಕೆಡಿಸಿಕೊಳ್ಳುವಳು.

೩. ಎಷ್ಟು ಜನ ಸೋಲುವರು?

ಅಮೆರಿಕದಲ್ಲಿಯೇ ಕಲಿತು ಮೊದಲ ಬಾರಿಗೆ ಪರೀಕ್ಷೆಗೆ ಕುಳಿತವರಲ್ಲಿ ೨೦೨೨ರಲ್ಲಿ ನೂರಕ್ಕೆ ಸುಮಾರು ೮೦ ಮಂದಿಯೂ, ೨೦೨೩ರಲ್ಲಿ ಸುಮಾರು ೮೮ ಮಂದಿಯೂ ತೇರ್ಗಡೆಯಾದರು. ಹೊರದೇಶಗಳಲ್ಲಿ ಕಲಿತು ಬಂದವರಲ್ಲಾದರೋ ಇತ್ತೀಚಿನ ವರ್ಷಗಳಲ್ಲಿ ಮೊದಲ ಯತ್ನದಲ್ಲಿ ತೇರ್ಗಡೆಯಾಗುವವರು ಹೆಚ್ಚುಕಡಮೆ ಅರ್ಧದಷ್ಟು ಮಾತ್ರ. ಇದು ಹೊಸ ತೊಂದರೆಯೂ ಅಲ್ಲ. ೧೯೭೦ರ ದಶಕದಲ್ಲಿ ಹೊರಗಿನಿಂದ ಅಮೆರಿಕಕ್ಕೆ ಬಂದ ದಾದಿಯರಲ್ಲಿ ಬಹುಪಾಲು ಜನ ಅಲ್ಲಿಯ ಪರೀಕ್ಷೆಯಲ್ಲಿ ಸೋತು, ಊರಿಗೆ ಹಿಂತಿರುಗಲೂ ಆಗದೆ, ದಾದಿಯರಾಗಿ ನಿಲ್ಲಲೂ ಆಗದೆ ತೊಳಲುತ್ತಿದ್ದರು. ಅವರು ಹೊರಡುವುದಕ್ಕೆ ಮೊದಲೇ ತಮ್ಮ ಯೋಗ್ಯತೆಯನ್ನು ಅರಿತುಕೊಳ್ಳಲೆಂದು ೧೯೭೭ರಲ್ಲಿ ಸಿ.ಜಿ.ಎಫ್.ಎನ್.ಎಸ್. ಎಂಬ ಮಂಡಳಿಯನ್ನು ಸ್ಥಾಪಿಸಬೇಕಾಯಿತು. ಅಂದರೆ ಸೋಲು ಒಬ್ಬಳ ದುರ್ದೈವವಲ್ಲ. ಒಂದು ಬಗೆಯ ಶಿಕ್ಷಣಕ್ಕೂ ಇನ್ನೊಂದು ಬಗೆಯ ಪರೀಕ್ಷೆಗೂ ನಡುವೆ ಇರುವ ಹಳ್ಳ. ಹಳ್ಳದ ಅಗಲವನ್ನು ಅಳೆದು ನೋಡಿದವನು ದಾಟುವ ಉಪಾಯವನ್ನೂ ಹುಡುಕುತ್ತಾನೆ.

೪. ಮೊದಲನೆಯ ಕಾರಣ: ಬಾಯಿಪಾಠ

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂಬ ನಮ್ಮ ಗಾದೆಯು ಈ ಪರೀಕ್ಷೆಗೆಂದೇ ಹುಟ್ಟಿದಂತಿದೆ. ನಮ್ಮ ಪರೀಕ್ಷೆಗಳು ಬಹುಮಟ್ಟಿಗೆ "ಮಧುಮೇಹದ ಲಕ್ಷಣಗಳನ್ನು ಬರೆಯಿರಿ" ಎಂದು ಕೇಳುತ್ತವೆ. ಕಲಿತುದನ್ನು ನೆನಪಿಟ್ಟು ಬರೆದರೆ ಅಂಕಗಳು ದೊರೆಯುತ್ತವೆ. ಸನ್ನದು ಪರೀಕ್ಷೆಯು ಹಾಗೆ ಕೇಳದೆ, ರೋಗಿಗಳನ್ನೇ ಕಣ್ಣ ಮುಂದೆ ನಿಲ್ಲಿಸಿ "ಈಗ ಏನು ಮಾಡುವೆ?" ಎಂದು ಕೇಳುತ್ತದೆ. ನಾವೇ ರಚಿಸಿದ ಒಂದು ಮಾದರಿಯನ್ನು ನೋಡಿರಿ.

ಒಬ್ಬ ದಾದಿಯ ವಶದಲ್ಲಿ ನಾಲ್ವರು ರೋಗಿಗಳಿರುವರು. ಮೊದಲನೆಯವನಿಗೆ ನಿನ್ನೆ ಹೊಟ್ಟೆಯ ಶಸ್ತ್ರಕ್ರಿಯೆಯಾಗಿದೆ; ಗಾಯ ನೋಯುತ್ತಿದೆಯೆಂದು ಗಟ್ಟಿಯಾಗಿ ಕೂಗುತ್ತಾನೆ. ಎರಡನೆಯವಳು ಮಧುಮೇಹದ ರೋಗಿ; ಎರಡು ಗಂಟೆಯ ಹಿಂದೆ ಇನ್ಸುಲಿನ್ ಪಡೆದಿದ್ದಾಳೆ; ಈಗ ಮೈ ಬೆವರಿ, ಮಾತು ತೊದಲಿ, ಸುಮ್ಮನೆ ಕುಳಿತಿದ್ದಾಳೆ. ಮೂರನೆಯವನು ಮನೆಗೆ ಹೋಗಲು ಚೀಟಿಗಾಗಿ ಅವಸರಪಡಿಸುತ್ತಿದ್ದಾನೆ. ನಾಲ್ಕನೆಯದು ೧೦೧ ಡಿಗ್ರಿ ಜ್ವರವಿರುವ, ಆದರೆ ಆಡುತ್ತಿರುವ ಮಗು. ದಾದಿಯು ಮೊದಲು ಯಾರ ಬಳಿಗೆ ಹೋಗಬೇಕು?

ಹೆಚ್ಚು ಕೂಗುವವನ ಬಳಿಗೆ ಹೋಗಬೇಕೆಂದು ಮನಸ್ಸು ಹೇಳುತ್ತದೆ. ಸರಿಯಾದ ಉತ್ತರ, ಸುಮ್ಮನೆ ಕುಳಿತ ಎರಡನೆಯವಳ ಬಳಿಗೆ. ಬೆವರು, ತೊದಲು, ಮಂಕು, ಇವು ರಕ್ತದಲ್ಲಿ ಸಕ್ಕರೆ ಕುಸಿದಿರುವುದರ ಗುರುತುಗಳು. ಮೆದುಳು ಸಕ್ಕರೆಯಿಲ್ಲದೆ ಹೆಚ್ಚು ಹೊತ್ತು ಬದುಕಲಾರದು. ಉಳಿದ ಮೂವರೂ ಕೆಲವು ನಿಮಿಷ ಕಾಯಬಲ್ಲರು, ಇವಳು ಕಾಯಲಾರಳು. ಈ ನಾಲ್ಕು ರೋಗಗಳ ಲಕ್ಷಣಗಳನ್ನೂ ಬಾಯಿಪಾಠ ಮಾಡಿದ ಹುಡುಗಿಯೂ ಇಲ್ಲಿ ತಪ್ಪುವುದುಂಟು. ಏತಕ್ಕೆಂದರೆ ಅವಳು ಲಕ್ಷಣಗಳನ್ನು ಕಲಿತಳೇ ಹೊರತು ಅವುಗಳನ್ನು ಒಂದರೊಡನೊಂದು ತೂಗಿ ನೋಡಲು ಕಲಿಯಲಿಲ್ಲ.

ಹೀಗೆ ತೂಗುವುದಕ್ಕೆ ಕೆಲವು ಸೂತ್ರಗಳುಂಟು. ಉಸಿರಿನ ದಾರಿ ಮೊದಲು, ಉಸಿರಾಟ ಎರಡನೆಯದು, ರಕ್ತಸಂಚಾರ ಮೂರನೆಯದು. ಕೈಹಾಕುವುದಕ್ಕೆ ಮೊದಲು ಪರಿಶೀಲನೆ; ಆದರೆ ಪ್ರಾಣಕ್ಕೆ ಸಂಚಕಾರ ಬಂದಿರುವುದು ಕಣ್ಣಿಗೆ ಕಾಣುತ್ತಿದ್ದರೆ ಮೊದಲು ಕ್ರಿಯೆ. ಹಳೆಯ ನೋವಿಗಿಂತ ಹೊಸದಾಗಿ ಆದ ಬದಲಾವಣೆ ಹೆಚ್ಚು ಗಂಭೀರ. ಈ ಸೂತ್ರಗಳನ್ನು ಒಪ್ಪಿಸಿದರೆ ಸಾಲದು. ನೂರಾರು ಸಂದರ್ಭಗಳಲ್ಲಿ ಪ್ರಯೋಗಿಸಿ ಕೈವಶಮಾಡಿಕೊಳ್ಳಬೇಕು. ಹೀಗೆ ಪ್ರಯೋಗಿಸದ ವಿದ್ಯೆಯು ಪುಸ್ತಕದ ಬದನೆಕಾಯಿ.

೫. ಎರಡನೆಯ ಕಾರಣ: ಭಾಷೆ

ನಮ್ಮ ಭಾಗದ ಕನ್ನಡ ಮನೆಗಳ ಮಗು ಮೂರು ಭಾಷೆಗಳ ನಡುವೆ ಬೆಳೆಯುತ್ತದೆ. ಅಡಿಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಇದು ಕೊರತೆಯಲ್ಲ, ಸಂಪತ್ತು. ಮೂರು ಭಾಷೆ ಬಲ್ಲ ದಾದಿಯು ಮೂರು ಬಗೆಯ ರೋಗಿಗಳ ಮನಸ್ಸನ್ನು ಹೊಗಬಲ್ಲಳು. ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ ನಡೆಯುವುದರಿಂದ ಒಂದು ಅಪಾಯವನ್ನು ತಿಳಿದಿರಬೇಕು.

ಹಲವರು ಇಂಗ್ಲಿಷ್ ಶಬ್ದಗಳ ಅರ್ಥವನ್ನು ಬಲ್ಲರು. ವಾಕ್ಯದ ತಿರುವನ್ನು ಅರಿಯರು. ಪ್ರಶ್ನೆಯಲ್ಲಿ 'ಫಸ್ಟ್' ಎಂದಿದ್ದರೆ ನಾಲ್ಕು ಉತ್ತರಗಳೂ ಸರಿಯಾಗಿರಬಹುದು, ಮೊದಲು ಮಾಡತಕ್ಕದ್ದು ಒಂದೇ. 'ಎಕ್ಸೆಪ್ಟ್' ಎಂದಿದ್ದರೆ ಸರಿಯಲ್ಲದುದನ್ನು ಹುಡುಕಬೇಕು. "ತಾಯಿಯ ಯಾವ ಮಾತಿನಿಂದ ಅವಳಿಗೆ ಇನ್ನೂ ತಿಳಿವಳಿಕೆ ಬೇಕೆಂದು ತೋರುತ್ತದೆ?" ಎಂಬ ಬಗೆಯ ಪ್ರಶ್ನೆ ಅನೇಕರನ್ನು ಕೆಡವುತ್ತದೆ. ಭೇದಿಯಾದ ಮಗುವಿಗೆ ಓ.ಆರ್.ಎಸ್. ಪುಡಿಯನ್ನು ಕೊಡುವ ವಿಷಯವೆಂದಿಟ್ಟುಕೊಳ್ಳಿ. ತಾಯಿಯು ಹೇಳುವ ನಾಲ್ಕು ಮಾತುಗಳು ಇವು: "ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರು ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಕರಗಿಸುತ್ತೇನೆ." "ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸುತ್ತೇನೆ." "ಎದೆಹಾಲನ್ನು ನಿಲ್ಲಿಸುವುದಿಲ್ಲ." "ಉಳಿದ ನೀರನ್ನು ಮೂರು ದಿನ ಇಟ್ಟುಕೊಂಡು ಕೊಡುತ್ತೇನೆ." ಕೇಳಿದುದು ತಪ್ಪಾದ ಮಾತನ್ನು. ಕಲಸಿದ ನೀರನ್ನು ೨೪ ಗಂಟೆಯ ಮೇಲೆ ಚೆಲ್ಲತಕ್ಕದ್ದಾದುದರಿಂದ ನಾಲ್ಕನೆಯದೇ ಉತ್ತರ. ಅವಸರದಲ್ಲಿ ಓದಿದವಳು ಮೊದಲನೆಯ ಸರಿಯಾದ ಮಾತನ್ನು ಕಂಡೊಡನೆ ಅದನ್ನೇ ಗುರುತಿಸಿಬಿಡುವಳು. ಅವಳಿಗೆ ವಿಷಯ ಗೊತ್ತಿತ್ತು, ಪ್ರಶ್ನೆ ಗೊತ್ತಾಗಲಿಲ್ಲ.

ರೋಗಿಯ ಆಡುಮಾತಿನಲ್ಲಿಯೂ ಸಿಕ್ಕುಗಳುಂಟು. 'ಹಾರ್ಟ್‌ಬರ್ನ್' ಎಂಬ ಮಾತನ್ನು ಬಿಡಿಸಿದರೆ ಹೃದಯದ ಉರಿ ಎಂದಾಗುತ್ತದೆ. ಆದರೆ ಅದು ಹೃದಯದ ರೋಗವಲ್ಲ, ಜಠರದ ಆಮ್ಲವು ಅನ್ನನಾಳಕ್ಕೆ ಏರುವುದರಿಂದ ಆಗುವ ಎದೆಯುರಿ. ಹಾಗೆಂದು ಎದೆಯುರಿ ಎಂದವರೆಲ್ಲರನ್ನೂ ಅಜೀರ್ಣದವರೆಂದು ತಳ್ಳಿಹಾಕುವಂತಿಲ್ಲ. ಹೃದಯಾಘಾತವೂ ಕೆಲವರಲ್ಲಿ ಬರಿಯ ಉರಿಯಾಗಿಯೇ ತೋರುತ್ತದೆ. ಮಾತಿನ ಹಿಂದಿರುವ ದೇಹವನ್ನು ಕಾಣುವುದೇ ಶುಶ್ರೂಷೆ.

ಮಾತೃಭಾಷೆಯಲ್ಲಿ ಓದಿದುದರಿಂದಲೇ ಮಕ್ಕಳು ಹಿಂದೆ ಬೀಳುವರೆಂಬ ಅಪವಾದವನ್ನು ನಾವು ಒಪ್ಪುವುದಿಲ್ಲ. ಕನ್ನಡದಲ್ಲಿ ಒಂದು ಗದ್ಯಭಾಗವನ್ನು ಓದಿ, "ಲೇಖಕನು ಇಲ್ಲಿ ಏನನ್ನು ಕೇಳುತ್ತಿದ್ದಾನೆ?" ಎಂದು ವಿವೇಚಿಸಲು ಕಲಿತ ಮಗು ಇಂಗ್ಲಿಷಿನಲ್ಲಿಯೂ ಹಾಗೆ ವಿವೇಚಿಸಬಲ್ಲದು. ಯಾವ ಭಾಷೆಯಲ್ಲಿಯೂ ಅರ್ಥ ಹುಡುಕದೆ ಓದಿದ ಮಗುವಿಗೆ ಎಲ್ಲ ಭಾಷೆಗಳೂ ಕಷ್ಟವೇ.

೬. ಮೂರನೆಯ ಕಾರಣ: ಲೆಕ್ಕ

ಇದು ನಮ್ಮ ಶಾಲೆಯ ಮಕ್ಕಳಿಗೆ ಮುಖ್ಯವಾದ ಪಾಠ. ಬ್ರಿಟನ್ನಿನ ಪರೀಕ್ಷೆಯಲ್ಲಿ ಲೆಕ್ಕಕ್ಕೆಂದೇ ೧೫ ಪ್ರಶ್ನೆಗಳ ಒಂದು ಪ್ರತ್ಯೇಕ ಭಾಗವಿದೆ. ಇಲ್ಲಿ ಬೇಕಾದುದು ದೊಡ್ಡ ಗಣಿತವಲ್ಲ. ತ್ರೈರಾಶಿ, ದಶಮಾಂಶ, ಕಾಲ ಮತ್ತು ಅಳತೆಯ ಪರಿವರ್ತನೆ, ಇಷ್ಟೇ. ಏಳನೆಯ ತರಗತಿಯ ಲೆಕ್ಕಗಳು. ಆದರೆ ಇಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ.

ಉದಾಹರಣೆಗೆ, ಒಬ್ಬ ರೋಗಿಗೆ ೫೦೦ ಮಿಲಿಲೀಟರು ಲವಣಜಲವನ್ನು ೮ ಗಂಟೆಗಳಲ್ಲಿ ರಕ್ತನಾಳಕ್ಕೆ ಹನಿಸಬೇಕು. ಕೊಳವೆಯಲ್ಲಿ ಒಂದು ಮಿಲಿಲೀಟರಿಗೆ ೨೦ ಹನಿಗಳು. ನಿಮಿಷಕ್ಕೆ ಎಷ್ಟು ಹನಿ? ಒಟ್ಟು ಹನಿಗಳು ೫೦೦ × ೨೦ = ೧೦,೦೦೦. ಒಟ್ಟು ನಿಮಿಷಗಳು ೮ × ೬೦ = ೪೮೦. ಭಾಗಿಸಿದರೆ ೨೦.೮, ಅಂದರೆ ನಿಮಿಷಕ್ಕೆ ೨೧ ಹನಿ.

ಇನ್ನೊಂದು. ೧೨ ಕಿಲೋಗ್ರಾಂ ತೂಗುವ ಮಗುವಿಗೆ ಕಿಲೋಗ್ರಾಮಿಗೆ ೧೫ ಮಿಲಿಗ್ರಾಮಿನಂತೆ ಪ್ಯಾರಸಿಟಮಾಲ್ ಕೊಡಲು ವೈದ್ಯರು ಬರೆದಿರುವರು. ಬೇಕಾದುದು ೧೮೦ ಮಿಲಿಗ್ರಾಂ. ಸೀಸೆಯ ಮೇಲೆ "೫ ಮಿಲಿಲೀಟರಿನಲ್ಲಿ ೧೨೦ ಮಿಲಿಗ್ರಾಂ" ಎಂದಿದೆ. ೧೮೦ ÷ ೧೨೦ × ೫ = ೭.೫ ಮಿಲಿಲೀಟರು. ಇದೇ ಔಷಧದ ಇನ್ನೊಂದು ಸೀಸೆಯಲ್ಲಿ ೫ ಮಿಲಿಲೀಟರಿಗೆ ೨೫೦ ಮಿಲಿಗ್ರಾಂ ಇರುವುದುಂಟು. ಸೀಸೆಯನ್ನು ಓದದೆ ಹಿಂದಿನ ಅಳತೆಯನ್ನೇ ಹೊಯ್ದರೆ ಮಗುವಿಗೆ ಎರಡರಷ್ಟಕ್ಕೂ ಮೀರಿ ಔಷಧ ಹೋಗುತ್ತದೆ.

ಮೂರನೆಯದು ನಮ್ಮ ದೇಶದ ಪ್ರತಿಯೊಂದು ಮನೆಗೂ ತಿಳಿದಿರಬೇಕು. ನಮ್ಮಲ್ಲಿ ಇನ್ಸುಲಿನ್ನು ಎರಡು ಬಲಗಳಲ್ಲಿ ದೊರೆಯುತ್ತದೆ: ಮಿಲಿಲೀಟರಿಗೆ ೪೦ ಘಟಕಗಳದು ಮತ್ತು ೧೦೦ ಘಟಕಗಳದು. ಪ್ರತಿಯೊಂದಕ್ಕೂ ಬೇರೆಬೇರೆ ಪಿಚಕಾರಿಗಳಿವೆ. ೧೦೦ರ ಇನ್ಸುಲಿನ್ನನ್ನು ೪೦ರ ಪಿಚಕಾರಿಯಲ್ಲಿ ೨೦ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿಲೀಟರು, ಎಂದರೆ ೫೦ ಘಟಕಗಳು. ಕೊಡಬೇಕಾದುದರ ಎರಡೂವರೆಯಷ್ಟು! ಮೇಲೆ ಹೇಳಿದ, ಬೆವರಿ ಸುಮ್ಮನೆ ಕುಳಿತ ರೋಗಿಯ ಸ್ಥಿತಿಗೆ ಇಂಥ ತಪ್ಪೂ ಕಾರಣವಾಗಬಹುದು. ಲೆಕ್ಕವೆಂದರೆ ಭಯಪಟ್ಟು, "ನರ್ಸಿಂಗಿಗೆ ಲೆಕ್ಕ ಬೇಡವಲ್ಲ" ಎಂದು ಈ ವಿದ್ಯೆಗೆ ಬರುವವರು ಇದನ್ನು ಯೋಚಿಸತಕ್ಕದ್ದು.

೭. ನಾಲ್ಕನೆಯ ಕಾರಣ: ವಾರ್ಡಿನ ಅನುಭವ

ಈಜನ್ನು ದಡದಲ್ಲಿ ಕಲಿಯಲಾಗದು. ತನ್ನದೇ ದೊಡ್ಡ ಆಸ್ಪತ್ರೆಯುಳ್ಳ ಕಾಲೇಜಿನಲ್ಲಿ ವಿದ್ಯಾರ್ಥಿನಿಯು ಸಾವಿರಾರು ಗಂಟೆ ರೋಗಿಗಳ ನಡುವೆ ಕಳೆಯುತ್ತಾಳೆ. ಕೆಲವು ಕಡೆ ಆಸ್ಪತ್ರೆಯು ಹೆಸರಿಗೆ ಮಾತ್ರ, ಹಾಸಿಗೆಗಳುಂಟು, ರೋಗಿಗಳಿಲ್ಲ, ಅಥವಾ ಒಬ್ಬ ರೋಗಿಯ ಸುತ್ತ ಹತ್ತು ಮಂದಿ ವಿದ್ಯಾರ್ಥಿನಿಯರು. ಅಲ್ಲಿ ಅನುಭವದ ಪುಸ್ತಕ ತುಂಬುತ್ತದೆ, ಅನುಭವ ತುಂಬುವುದಿಲ್ಲ. ಇದರ ಜೊತೆಗೆ ನಮ್ಮ ಅನೇಕ ಆಸ್ಪತ್ರೆಗಳಲ್ಲಿ ದಾದಿಯು ವೈದ್ಯರು ಹೇಳಿದುದನ್ನು ಮಾಡುವವಳು ಮಾತ್ರ. ಸನ್ನದು ಪರೀಕ್ಷೆಯ ದಾದಿಯಾದರೋ ತಾನೇ ರೋಗಿಯನ್ನು ಪರೀಕ್ಷಿಸಿ, ಅಪಾಯವನ್ನು ಊಹಿಸಿ, ವೈದ್ಯರ ಆಜ್ಞೆಯಲ್ಲಿ ತಪ್ಪು ಕಂಡರೆ ವಿನಯದಿಂದ ಪ್ರಶ್ನಿಸಿ, ಯಾವ ಕೆಲಸವನ್ನು ಸಹಾಯಕಿಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂದು ನಿರ್ಣಯಿಸಬೇಕು. ನಾಲ್ಕು ವರ್ಷ ತಲೆ ತಗ್ಗಿಸಿ ನಿಲ್ಲುವುದನ್ನೇ ಕಲಿತವಳಿಗೆ ಒಂದು ದಿನದಲ್ಲಿ ನಿರ್ಣಯಶಕ್ತಿ ಬಾರದು.

ರೂಢಿಯ ಭೇದಗಳೂ ಇವೆ. ನಾವು ಪ್ಯಾರಸಿಟಮಾಲ್ ಎನ್ನುವುದನ್ನು ಅಮೆರಿಕದವರು ಅಸೆಟಮಿನೋಫೆನ್ ಎನ್ನುವರು. ನಮ್ಮ ಸಾಲ್ಬುಟಮಾಲ್ ಅವರ ಆಲ್ಬ್ಯುಟೆರಾಲ್. ನಮ್ಮ ಅಡ್ರಿನಲಿನ್ ಅವರ ಎಪಿನೆಫ್ರಿನ್. ರಕ್ತದ ಸಕ್ಕರೆಯನ್ನು ನಾವು ಡೆಸಿಲೀಟರಿಗೆ ಮಿಲಿಗ್ರಾಮಿನಲ್ಲಿ ಹೇಳಿದರೆ ಬ್ರಿಟನ್ನಿನವರು ಲೀಟರಿಗೆ ಮಿಲಿಮೋಲಿನಲ್ಲಿ ಹೇಳುವರು. ನಮ್ಮ ೯೦ ಅವರಿಗೆ ೫. ಇಲ್ಲಿ ರೋಗಿಯ ಸುದ್ದಿಯನ್ನು ಮನೆಯ ಹಿರಿಯರಿಗೆ ಮೊದಲು ಹೇಳುವುದುಂಟು. ಅಲ್ಲಿ ರೋಗಿಯ ಅನುಮತಿಯಿಲ್ಲದೆ ಅವನ ಮಗನಿಗೂ ಹೇಳಬಾರದು. ನಮ್ಮ ಊರಿನ ಸೌಜನ್ಯವೇ ಅಲ್ಲಿಯ ತಪ್ಪು ಉತ್ತರವಾಗಬಹುದು.

೮. ಐದನೆಯ ಕಾರಣ: ವಿಳಂಬ, ಭಯ ಮತ್ತು ಅಡ್ಡದಾರಿ

ಪದವಿ ಪಡೆದ ಮೇಲೆ ಪರೀಕ್ಷೆಗೆ ಎಷ್ಟು ತಡವಾಗುವುದೋ ತೇರ್ಗಡೆಯ ಸಂಭವ ಅಷ್ಟು ಕಡಮೆಯಾಗುವುದೆಂಬುದನ್ನು ಈ ಪರೀಕ್ಷೆಯನ್ನು ನಡೆಸುವವರು ಕಂಡುಕೊಂಡಿರುವರು. ನಮ್ಮವರಿಗಾದರೋ ಪ್ರಮಾಣಪತ್ರಗಳ ತಪಾಸಣೆ, ಇಂಗ್ಲಿಷ್ ಪರೀಕ್ಷೆ, ಹಣದ ಹೊಂದಾಣಿಕೆ, ನಡುವೆ ಮದುವೆ, ಬಾಣಂತನ, ಇವುಗಳಲ್ಲಿ ವರ್ಷಗಳು ಉರುಳುತ್ತವೆ. ಹಗಲು ಆಸ್ಪತ್ರೆಯಲ್ಲಿ ದುಡಿದು ರಾತ್ರಿ ಪುಸ್ತಕ ತೆರೆದವಳಿಗೆ ನಿದ್ದೆಯೇ ಉತ್ತರ.

ಸಾಲವೂ ಒಂದು ಭಾರ. ಹೊಲವನ್ನು ಅಡವಿಟ್ಟು ಓದಿಸಿದ ಮನೆಯಲ್ಲಿ ಪರೀಕ್ಷೆಯು ಮಗಳೊಬ್ಬಳದಾಗಿ ಉಳಿಯುವುದಿಲ್ಲ, ಇಡೀ ಮನೆಯದಾಗುತ್ತದೆ. "ಈ ಸಲ ಆಗಲೇಬೇಕು" ಎಂದು ದಿನಕ್ಕೆ ಮೂರು ಬಾರಿ ಕೇಳಿದ ಮಗು ಪ್ರಶ್ನೆಯನ್ನು ಓದುವಾಗಲೂ ಸಾಲದ ಪತ್ರವನ್ನೇ ಓದುತ್ತಿರುತ್ತದೆ.

ಇಂಥ ಕಳವಳದಲ್ಲಿಯೇ ಅಡ್ಡದಾರಿಗಳು ಮನಸ್ಸನ್ನು ಸೆಳೆಯುವುವು. "ಹಿಂದಿನ ಪ್ರಶ್ನೆಗಳು ನಮ್ಮಲ್ಲಿವೆ, ಬಾಯಿಪಾಠ ಮಾಡಿರಿ, ತೇರ್ಗಡೆ ಖಂಡಿತ" ಎನ್ನುವ ತರಬೇತಿದಾರರು ಎಲ್ಲ ಕಡೆಯಲ್ಲಿಯೂ ಇರುವರು. ಇದರ ಫಲವೇನೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ೨೦೦೬ರ ಜೂನ್ ತಿಂಗಳಲ್ಲಿ ಫಿಲಿಪೀನ್ಸ್ ದೇಶದ ಸನ್ನದು ಪರೀಕ್ಷೆಯ ಪ್ರಶ್ನೆಗಳು ಮೊದಲೇ ಬಯಲಾದುವು. ಆ ಸಲ ತೇರ್ಗಡೆಯಾದವರು ಸಂಬಂಧಪಟ್ಟ ಎರಡು ಭಾಗಗಳನ್ನು ಮತ್ತೆ ಬರೆದಲ್ಲದೆ ಅಮೆರಿಕದ ವೀಸಾಕ್ಕೆ ಬೇಕಾದ ಪ್ರಮಾಣಪತ್ರವನ್ನು ಕೊಡಲಾಗದೆಂದು, ಮೇಲೆ ಹೇಳಿದ ಸಿ.ಜಿ.ಎಫ್.ಎನ್.ಎಸ್. ಮಂಡಳಿಯು ೨೦೦೭ರಲ್ಲಿ ನಿರ್ಧರಿಸಿತು. ಕೆಲವರ ಕಳ್ಳತನಕ್ಕೆ ಪ್ರಾಮಾಣಿಕರಾದ ಸಾವಿರಾರು ಮಂದಿ ದಂಡ ತೆತ್ತರು. ಎರಡನೆಯದು ಅಮೆರಿಕದ ಫ್ಲಾರಿಡಾ ಪ್ರಾಂತದ್ದು. ಅಲ್ಲಿಯ ಮೂರು ಶಾಲೆಗಳಿಂದ ೭,೬೦೦ಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳು ಮಾರಾಟವಾದುವೆಂದು ೨೦೨೩ರ ಜನವರಿಯಲ್ಲಿ ಸರ್ಕಾರವು ಪ್ರಕಟಿಸಿತು. ಅವನ್ನು ಕೊಂಡವರಲ್ಲಿ ಸುಮಾರು ೨,೪೦೦ ಮಂದಿ ಪರೀಕ್ಷೆಯಲ್ಲಿ ಹೇಗೋ ತೇರ್ಗಡೆಯಾಗಿದ್ದರು. ಉಳಿದ ಹೆಚ್ಚಿನ ಭಾಗವನ್ನು ಪರೀಕ್ಷೆಯು ತಡೆಯಿತು. ಇದರಿಂದ ಎರಡು ನೀತಿಗಳು ದೊರೆಯುತ್ತವೆ. ಪರೀಕ್ಷೆಯೊಂದೇ ರೋಗಿಗೆ ಪೂರ್ಣ ರಕ್ಷಣೆಯಲ್ಲ, ಶಿಕ್ಷಣವೂ ಸತ್ಯವಾಗಿರಬೇಕು. ಆದರೂ ಆ ಬೇಲಿಯಿಲ್ಲದಿದ್ದರೆ ಗತಿಯೇನಾಗುತ್ತಿತ್ತೆಂಬುದನ್ನು ಊಹಿಸಬಹುದು.

೯. ಏನು ಮಾಡಬೇಕು?

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮಗುವನ್ನು ಕಾಲೇಜಿಗೆ ಸೇರಿಸುವುದಕ್ಕೆ ಮೊದಲು ಕಟ್ಟಡವನ್ನು ನೋಡಿ ಬರಬೇಡಿರಿ. ಆಸ್ಪತ್ರೆಯನ್ನು ನೋಡಿ ಬನ್ನಿರಿ. ರಾಜ್ಯದ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೆ? ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೆ? ಪಾಠ ಹೇಳುವವರು ವಾರ್ಡಿಗೂ ಬರುವರೆ? ಈ ಮೂರನ್ನು ಕೇಳಿರಿ. ಹೊರದೇಶವೊಂದೇ ಗತಿಯೆಂದು ತಿಳಿಯಬೇಡಿರಿ; ತಿರುಪ್ಪೂರಿನಲ್ಲಿಯೇ ೨೦೨೨ರ ಜನವರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಗಿದೆ; ನಮ್ಮ ಜನಕ್ಕೂ ಒಳ್ಳೆಯ ದಾದಿಯರು ಬೇಕು. ಮಗಳು ಒಮ್ಮೆ ಸೋತರೆ ಬಂಧುಗಳ ಮುಂದೆ ಅವಳನ್ನು ಹಂಗಿಸಬೇಡಿರಿ. ಎನ್‌ಕ್ಲೆಕ್ಸ್ ಪರೀಕ್ಷೆಗೆ ೪೫ ದಿನಗಳ ತರುವಾಯ ಮತ್ತೆ ಕುಳಿತುಕೊಳ್ಳಲು ಅವಕಾಶವಿದೆ. ಸೋತವಳಿಗೆ ಯಾವ ವಿಷಯಗಳಲ್ಲಿ ಬಲ ಕಡಮೆಯೆಂದು ತೋರಿಸುವ ಪತ್ರವನ್ನೂ ಕೊಡುತ್ತಾರೆ. ಆ ಪತ್ರವು ದಾರಿ ತೋರಿಸುವ ದೀಪ. ಅದನ್ನು ಅವಮಾನವೆಂದು ತಿಳಿದು ಹರಿದುಹಾಕಬಾರದು.

ಸಿದ್ಧತೆ ಮಾಡುವವರಿಗೆ ಒಂದು ಉಪಾಯ. ಅಭ್ಯಾಸದ ಪ್ರಶ್ನೆಗಳನ್ನು ಬಿಡಿಸಿದ ಮೇಲೆ ತಪ್ಪಿದ ಪ್ರತಿಯೊಂದು ಉತ್ತರವನ್ನೂ ಮೂರು ಕಲಮುಗಳಲ್ಲಿ ಒಂದಕ್ಕೆ ಸೇರಿಸಿರಿ: "ವಿಷಯ ತಿಳಿದಿರಲಿಲ್ಲ", "ಪ್ರಶ್ನೆಯನ್ನು ತಪ್ಪಾಗಿ ಓದಿದೆ", "ತಿಳಿದಿದ್ದರೂ ತಪ್ಪಾಗಿ ತೂಗಿದೆ". ಮೊದಲನೆಯದಕ್ಕೆ ಮದ್ದು ಪುಸ್ತಕ, ಎರಡನೆಯದಕ್ಕೆ ನಿಧಾನ, ಮೂರನೆಯದಕ್ಕೆ ಅಭ್ಯಾಸ. ರೋಗವನ್ನು ಗುರುತಿಸದೆ ಒಂದೇ ಮದ್ದನ್ನು ಮೂರಕ್ಕೂ ಕೊಡುವುದು ಶುಶ್ರೂಷೆ ಕಲಿತವರಿಗೆ ತಕ್ಕದ್ದಲ್ಲ.

ಶಾಲೆಯ ಮಕ್ಕಳೇ, ನೀವು ಈಗಿನಿಂದಲೇ ಮಾಡತಕ್ಕದ್ದು ಮೂರು ಕೆಲಸ. ಪಾಠವನ್ನು ಓದಿದ ಮೇಲೆ ಪುಸ್ತಕ ಮುಚ್ಚಿ, "ಇದು ಏಕೆ ಹೀಗೆ?" ಎಂದು ನಿಮ್ಮ ಮಾತಿನಲ್ಲಿ ಹೇಳಿರಿ. ದಿನಕ್ಕೊಂದು ಪುಟ ಇಂಗ್ಲಿಷನ್ನು ಅರ್ಥ ಬಿಡದೆ ಓದಿರಿ. ದಶಮಾಂಶದ ಚುಕ್ಕೆಯನ್ನು ಅಲಕ್ಷ್ಯ ಮಾಡಬೇಡಿರಿ. ಆ ಚುಕ್ಕೆಯ ಮೇಲೆ ಮುಂದೆ ಒಬ್ಬರ ಪ್ರಾಣ ನಿಂತಿರಬಹುದು.

ಸನ್ನದು ಪರೀಕ್ಷೆಯು ದಾದಿಯನ್ನು ಸೋಲಿಸಲೆಂದು ಏರ್ಪಟ್ಟುದಲ್ಲ. ನಡುರಾತ್ರಿಯಲ್ಲಿ, ಎಲ್ಲರೂ ಮಲಗಿರುವಾಗ, ಪ್ರಜ್ಞೆಯಿಲ್ಲದ ರೋಗಿಯೊಬ್ಬನು ತನ್ನ ಪ್ರಾಣವನ್ನು ಅಪರಿಚಿತಳೊಬ್ಬಳ ಕೈಯಲ್ಲಿಟ್ಟು ಮಲಗಿರುವನು. ಅವನು ಅವಳನ್ನು ಪರೀಕ್ಷಿಸಲಾರನು. ಅವನ ಪರವಾಗಿ ಮೊದಲೇ ಕೇಳಿದ ಪ್ರಶ್ನೆಗಳೇ ಈ ಪರೀಕ್ಷೆ. ಹೀಗೆಂದು ತಿಳಿದು ಓದಿದವರಿಗೆ ಭಯ ಕಡಮೆಯಾಗುವುದು, ಶ್ರದ್ಧೆ ಹೆಚ್ಚುವುದು.

ಅಭ್ಯಾಸಕ್ಕೆ ಮೂರು ಲೆಕ್ಕಗಳು

(೧) ೧ ಲೀಟರು ಲವಣಜಲವನ್ನು ೧೦ ಗಂಟೆಗಳಲ್ಲಿ ಹನಿಸಬೇಕು. ಮಿಲಿಲೀಟರಿಗೆ ೧೫ ಹನಿ. ನಿಮಿಷಕ್ಕೆ ಎಷ್ಟು ಹನಿ?

(೨) ಮಗುವಿನ ತೂಕ ೧೬ ಕಿಲೋಗ್ರಾಂ. ಕಿಲೋಗ್ರಾಮಿಗೆ ೧೫ ಮಿಲಿಗ್ರಾಂ ಔಷಧ ಕೊಡಬೇಕು. ಸೀಸೆಯಲ್ಲಿ ೫ ಮಿಲಿಲೀಟರಿಗೆ ೨೫೦ ಮಿಲಿಗ್ರಾಂ ಇದೆ. ಎಷ್ಟು ಮಿಲಿಲೀಟರು ಕೊಡಬೇಕು?

(೩) ರಕ್ತದ ಸಕ್ಕರೆ ಡೆಸಿಲೀಟರಿಗೆ ೧೨೬ ಮಿಲಿಗ್ರಾಂ. ೧೮ರಿಂದ ಭಾಗಿಸಿದರೆ ಬ್ರಿಟನ್ನಿನ ಅಳತೆಯಲ್ಲಿ ಎಷ್ಟು?

ಉತ್ತರಗಳು: (೧) ೨೫ ಹನಿ. (೨) ೪.೮ ಮಿಲಿಲೀಟರು. (೩) ಲೀಟರಿಗೆ ೭ ಮಿಲಿಮೋಲ್.